ಮನೆಯಂಗಳ: ಒಂದೇ ಮರದ ಹತ್ತಿರ ಹನ್ನೆರಡು ಸಲ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಭಾನುವಾರದ ಬಗ್ಗೆಯೇ ಇದ್ದವು. ಎಲ್ಲಿಗೆ ಹೋಗೋಣ, ಯಾರನ್ನು ಕರೆದುಕೊಂಡು ಹೋಗೋಣ, ಹೋಗಿ ಬಂದ ಮೇಲೆ ಎಲ್ಲರ ಮುಖ ಯಾಕೆ ದಪ್ಪಗಿರುತ್ತದೆ ಅನ್ನುವುದೇ ಮಾತು. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಆ ಮನೆಯಲ್ಲಿ ನನ್ನ ಮನೆಯೇ ಕಂಡಿತು.

ಪ್ರಶ್ನೆ: ಅಕ್ಕಾ, ನಮ್ಮ ಮನೆ ವಿಜಯನಗರದಲ್ಲಿ. ನಮ್ಮ ಯಜಮಾನರಿಗೆ ರಾತ್ರಿ ಪಾಳಿ ಕೆಲಸ, ವಾರಕ್ಕೆ ಒಂದೇ ರಜೆ. ಮಗನಿಗೆ 12, ಮಗಳಿಗೆ 8. ಅತ್ತೆಯವರಿಗೆ 71, ಮೊಣಕಾಲು ನೋವು. ಹೋದ ತಿಂಗಳು ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸಿ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ನಂದಿಬೆಟ್ಟಕ್ಕೆ ಹೊರಟೆವು. ಬೆಟ್ಟದ ಬುಡದಲ್ಲೇ ಕಾರುಗಳ ಸಾಲು. ಸೂರ್ಯ ಹುಟ್ಟಿದ್ದು ನಾವು ಕಾರಿನೊಳಗೆ ಕೂತಿದ್ದಾಗ. ಮಗಳು ವಾಂತಿ ಮಾಡಿಕೊಂಡಳು, ಅತ್ತೆ ಕಾಲು ಒತ್ತಿಕೊಳ್ಳುತ್ತಾ ಕೂತರು, ಇವರು ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಿದರು. ಅವತ್ತಿನಿಂದ ಹೊರಗೆ ಹೋಗೋಣ ಅಂದರೆ ಯಾರೂ ಏಳುವುದಿಲ್ಲ. ಮಕ್ಕಳ ಕೈಯಲ್ಲಿ ಮೊಬೈಲು. ನಾನೊಬ್ಬಳೇ ಒದ್ದಾಡಿದ ಹಾಗಾಗಿದೆ. ಏನು ಮಾಡಲಿ?
— ಗೃಹಿಣಿ, ವಿಜಯನಗರ

ಉತ್ತರ: ಆ ಫ್ಲಾಸ್ಕಿನ ಕಾಫಿ ಏನಾಯಿತು ಅಂತ ನೀವು ಬರೆದಿಲ್ಲ. ಯಾರೂ ಕುಡಿಯದೆ ಹಾಗೇ ಮನೆಗೆ ವಾಪಸು ಬಂದಿರಬೇಕು. ಅದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಮೊದಲು ಒಂದು ವಿಷಯ. ತಪ್ಪು ನಿಮ್ಮದಲ್ಲ. ನಂದಿಬೆಟ್ಟ 1,478 ಮೀಟರ್ ಎತ್ತರ, ವಾಹನ ಹತ್ತುವ ದಾರಿ ಒಂದೇ. ಭಾನುವಾರ ಸೂರ್ಯೋದಯದ ಹೊತ್ತಿಗೆ ಅರ್ಧ ಬೆಂಗಳೂರು ಆ ದಾರಿಯಲ್ಲೇ ಇರುತ್ತದೆ. ನಿಮ್ಮ ಯಜಮಾನರಿಗೆ ಎಂದಾದರೂ ವಾರದ ನಡುವೆ ರಜೆ ಸಿಕ್ಕಿದರೆ ಹೋಗಿ ಬನ್ನಿ, ಬೇರೆಯದೇ ಬೆಟ್ಟ ಕಾಣುತ್ತದೆ. ಆದರೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ನಂದಿಬೆಟ್ಟಕ್ಕೆ ಹೋಗಬೇಕು ಅಂತ ಮನೆಯಲ್ಲಿ ಆಸೆಪಟ್ಟವರು ಯಾರು? ಅತ್ತೆಯವರಂತೂ ಅಲ್ಲ. ರಾತ್ರಿಯೆಲ್ಲ ಎದ್ದಿದ್ದು ಕೆಲಸ ಮಾಡುವವರು ರಜೆಯ ದಿನ ನಾಲ್ಕಕ್ಕೆ ಏಳಲು ಆಸೆಪಡುವುದಿಲ್ಲ. ಮಕ್ಕಳು ಕೇಳಿದ್ದರೋ, ಅಥವಾ ಎಲ್ಲರೂ ಹೋಗುತ್ತಾರೆ ಅಂತ ನೀವೇ ಹೊರಡಿಸಿದಿರೋ?

ನನ್ನ ಮನೆಯ ಕಥೆ ಹೇಳುತ್ತೇನೆ. 1991ರಲ್ಲಿ ನಾವು ಹನುಮಂತನಗರದ ಒಂದು ವಠಾರದಲ್ಲಿದ್ದೆವು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಮೂರು ಪಾಳಿ ದುಡಿಯುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ಇಬ್ಬರು ಮಕ್ಕಳು, ಜೊತೆಗೆ ಮೊಣಕಾಲು ನೋವಿನ ಅತ್ತೆ. ಒಂದು ರಜೆಯಲ್ಲಿ ಬಾಡಿಗೆ ವ್ಯಾನು ಮಾಡಿ ಒಂದೇ ದಿನದಲ್ಲಿ ನಾಲ್ಕು ಊರು ತೋರಿಸುತ್ತೇನೆ ಅಂತ ಹೊರಡಿಸಿದ್ದೆ. ಮೂರನೆಯ ಊರಿನ ಹೊತ್ತಿಗೆ ಮನೆಯವರು ಒಬ್ಬರ ಹತ್ತಿರ ಒಬ್ಬರು ಮಾತು ಬಿಟ್ಟಿದ್ದರು. ಆಮೇಲೆ ಆರು ತಿಂಗಳು ಎಲ್ಲಿಗೂ ಹೋಗಲಿಲ್ಲ.

ಜನವರಿಯ ಒಂದು ಭಾನುವಾರ ಸಂಜೆ ಬೇಸರ ತಾಳಲಾರದೆ ಆಟೋ ಹಿಡಿದು ಎಲ್ಲರನ್ನೂ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಏನನ್ನೂ ತೋರಿಸಲಿಲ್ಲ. ದೊಡ್ಡ ಬಿಳಿ ಬೂರುಗದ ಮರದ ಹತ್ತಿರ ಅತ್ತೆ ಕೂತರು, ನಾವೂ ಕೂತೆವು. ನೀವು ಆ ಮರ ನೋಡಿದ್ದೀರೋ ಇಲ್ಲವೋ. ಅದರ ಬೇರು ನೆಲದಿಂದ ಮೇಲೆದ್ದು ಗೋಡೆಗಳ ಹಾಗೆ ನಿಂತಿದೆ, ನಡುವೆ ಮಕ್ಕಳು ಅಡಗಿ ಕೂರಬಹುದು. ಆಗ ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಮಗ ಕೇಳಿದ, "ಅಮ್ಮಾ, ಸತ್ತೋಗಿದ್ಯಾ ಇದು?" ನಾನು ಟೀಚರು, ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಆದರೂ ಬಾಯಿ ಬಿಗಿಹಿಡಿದು "ಬರೋ ತಿಂಗಳು ಬಂದು ನೋಡೋಣ" ಅಂದೆ.

ಬಂದೆವು. ಏಪ್ರಿಲ್‌ನಲ್ಲಿ ಕಾಯಿ ಬಿರಿದು ನೆಲದ ಮೇಲೆಲ್ಲ ಹತ್ತಿ ಹಾರಾಡುತ್ತಿತ್ತು. ಅತ್ತೆ ಒಂದು ಹಿಡಿ ಎತ್ತಿಕೊಂಡು, ಬೆರಳಲ್ಲಿ ತಿಕ್ಕಿ ಬೀಜ ಬಿಡಿಸುತ್ತಾ, ತಮ್ಮ ತವರಿನಲ್ಲಿ ಬೂರುಗದ ಹತ್ತಿ ತುಂಬಿ ದಿಂಬು ಹೊಲಿಯುತ್ತಿದ್ದ ಕಥೆ ಹೇಳಲು ಶುರುಮಾಡಿದರು. ಊರಿನದು ಕೆಂಪು ಹೂವಿನ ಬೂರುಗ, ಇದು ಬಿಳಿಯದು, ಹತ್ತಿ ಮಾತ್ರ ಅದೇ ಮೃದು ಅಂದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಅವರ ಬಾಯಲ್ಲಿ ತವರಿನ ಕಥೆ ಕೇಳಿದ್ದು ಅವತ್ತೇ ಮೊದಲು. ಜೂನ್ ಹೊತ್ತಿಗೆ ಮರದ ತುಂಬ ಎಲೆ. ಅಷ್ಟರಲ್ಲಿ ದಾರಿ ತೋರಿಸುವ ಕೆಲಸ ಮಕ್ಕಳದ್ದಾಗಿತ್ತು. "ಅಜ್ಜೀ, ಈ ಕಡೆ ಕಲ್ಲು ಇದೆ, ಹುಷಾರು" ಅಂತ ಮುಂದೆ ಮುಂದೆ ಹೋಗುತ್ತಿದ್ದರು. ಒಂದು ವರ್ಷದಲ್ಲಿ ಹನ್ನೆರಡು ಸಲ ಹೋದೆವು, ಅದೇ ಮರಕ್ಕೆ.

ಹೊಸ ಜಾಗದಲ್ಲಿ ಮಕ್ಕಳು ನಮ್ಮ ಹಿಂದೆ ಬರುವವರು. ಗೊತ್ತಿರುವ ಜಾಗದಲ್ಲಿ ಅವರು ಯಜಮಾನರು. ಅದಕ್ಕೇ ನಾನು ಒಂದೇ ಜಾಗ ಅನ್ನುವುದು.

ನಿಮಗೆ ದಾರಿಯೂ ಸುಲಭ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಚಿಕ್ಕಪೇಟೆ, ಮಾರ್ಕೆಟ್, ನ್ಯಾಷನಲ್ ಕಾಲೇಜು ಆದ ಮೇಲೆ ಲಾಲ್‌ಬಾಗ್. ಲಿಫ್ಟ್ ಇದೆ, ಅತ್ತೆಯವರು ಮೆಟ್ಟಿಲು ಹತ್ತಬೇಕಿಲ್ಲ. ತೋಟದೊಳಗೆ ಬ್ಯಾಟರಿ ಗಾಡಿಯೂ ಓಡುತ್ತದೆ. ಯಜಮಾನರನ್ನು ದಯವಿಟ್ಟು ಎಬ್ಬಿಸಬೇಡಿ. ಮಧ್ಯಾಹ್ನದವರೆಗೆ ಮಲಗಲಿ, ಊಟವಾದ ಮೇಲೆ ನಿಧಾನಕ್ಕೆ ಹೊರಟು ನಾಲ್ಕಕ್ಕೆ ಅಲ್ಲಿದ್ದರೆ ಸಾಕು. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ, ಆ ಜನಜಂಗುಳಿ ಮೊಣಕಾಲಿಗೆ ಆಗಿಬರುವುದಿಲ್ಲ. ಒಳಗೆ ತಿಂಡಿಯ ಡಬ್ಬಿ ಬಿಚ್ಚಬೇಡಿ. ಹೊರಗೆ ಬಂದು ಗಾಂಧಿ ಬಜಾರಿನಲ್ಲಿ ದೋಸೆ ತಿನ್ನಿಸಿ, ಅತ್ತೆಯವರಿಗೆ ಕೂರಲು ಕುರ್ಚಿ ಇರುವ ಹೋಟೆಲೇ ಇರಲಿ.

ಮೊಬೈಲಿನ ಬಗ್ಗೆ ಜಗಳ ಬೇಡ. ಅದನ್ನು ಮಗನ ಕೈಗೇ ಕೊಟ್ಟು, ಪ್ರತಿ ತಿಂಗಳೂ ಒಂದೇ ಕಡೆ ನಿಂತು ಅದೇ ಮರದ ಒಂದು ಫೋಟೋ ತೆಗೆಯಲು ಹೇಳಿ. ಮಗಳಿಗೆ ಬಟ್ಟೆಯ ಚೀಲ ಕೊಡಿ, ಬಿದ್ದ ಬೀಜ ಆರಿಸಲಿ, ಗಿಡದಿಂದ ಮಾತ್ರ ಕೀಳಬಾರದು. ಬೂರುಗದ ಹೂ ಅರಳುವುದು ರಾತ್ರಿ, ಅದರ ಮಕರಂದಕ್ಕೆ ಬಾವಲಿಗಳು ಬರುತ್ತವೆ ಅಂತ ಹೇಳಿ ನೋಡಿ, ಹನ್ನೆರಡು ವರ್ಷದ ಹುಡುಗನ ಕಿವಿ ನೆಟ್ಟಗಾಗುತ್ತದೆ. ಅಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಅನ್ನುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ನಾನು ಟೀಚರಾಗಿ 31 ವರ್ಷ ಮಾಡಿದ ತಪ್ಪು ಅದು.

ಪ್ರಶ್ನೆ: ಮೇಡಂ, ನಾನು ಮಲ್ಲೇಶ್ವರದವನು, 63 ವರ್ಷ. ನಿವೃತ್ತನಾದ ಮೇಲೆ ಪಕ್ಷಿವೀಕ್ಷಣೆ ಶುರುಮಾಡಬೇಕು ಅಂತ ಆಸೆ. ಯಾವ ಬೈನಾಕ್ಯುಲರ್ ಕೊಳ್ಳಲಿ? ನನ್ನ ಹೆಂಡತಿ "ಈ ವಯಸ್ಸಲ್ಲಿ ಇದೇನು ಹೊಸ ಖರ್ಚು" ಅನ್ನುತ್ತಾಳೆ.
— ನಿವೃತ್ತ ನೌಕರ

ಉತ್ತರ: ಸರ್, ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರ್‌ನಲ್ಲಿ. ಅಂಗಡಿಯವರು ಇನ್ನೂ ದೂರದ್ದು ಕಾಣುತ್ತದೆ ಅಂತ 12, 16 ಪಟ್ಟಿನದನ್ನು ತೋರಿಸಬಹುದು. ಬೇಡ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ದೊಡ್ಡದಾಗಿ, ಹಕ್ಕಿ ಅಲ್ಲಾಡಿಬಿಡುತ್ತದೆ. ಕನ್ನಡಕ ಹಾಕುವವರಾದರೆ ಕಣ್ಣಿನ ಕಡೆಯ ರಬ್ಬರು ತಿರುಗಿಸಿ ತಗ್ಗಿಸಿಕೊಂಡು ಅಂಗಡಿಯಲ್ಲೇ ನೋಡಿ.

ಆದರೆ ಮೊದಲ ಒಂದು ತಿಂಗಳು ಏನನ್ನೂ ಕೊಳ್ಳಬೇಡಿ. ಸ್ಯಾಂಕಿ ಕೆರೆ ನಿಮ್ಮ ಬಾಗಿಲಲ್ಲೇ ಇದೆ. 1882ರಲ್ಲಿ ಕಟ್ಟಿದ ಕೆರೆ, ಏರಿಯ ಮೇಲೆ ಓಡಾಡಲು ಜಾಗವಿದೆ. ಬೆಳಗ್ಗೆ ಆರೂವರೆಗೆ ಒಂದೇ ಕಡೆ ಹದಿನೈದು ನಿಮಿಷ ನಿಂತುಕೊಳ್ಳಿ. ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವ ಕಪ್ಪು ಹಕ್ಕಿ ನೀರುಕಾಗೆ. ನೀಲಿ ಮಿಂಚು ನೀರಿನ ಮೇಲೆ ಹಾದುಹೋದರೆ ಮಿಂಚುಳ್ಳಿ. ಮರದಲ್ಲಿ ಎಲೆಯ ಬಣ್ಣದಲ್ಲೇ ಅಡಗಿ "ಕುಟ್ರೂ ಕುಟ್ರೂ" ಅಂತ ಬಿಡದೆ ಕೂಗುವುದು ಕುಟ್ರು ಹಕ್ಕಿ, ಕೂಗೇ ಅದರ ಹೆಸರು. ಚಳಿಗಾಲದಲ್ಲಿ ನೀರಂಚಿನಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತಾ ಓಡಾಡುವ ಬೂದು ಸಿಪಿಲೆ ಕಂಡರೆ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿ. ಅದು ಹಿಮಾಲಯದ ಕಡೆಯಿಂದ ನಿಮ್ಮ ಮಲ್ಲೇಶ್ವರಕ್ಕೆ ಬಂದ ಅತಿಥಿ. ಹೀಗೆ ಹತ್ತು ಹಕ್ಕಿ ಬರಿಗಣ್ಣಿಗೆ ಗುರುತಾದ ಮೇಲೆ ದುಡ್ಡು ಖರ್ಚು ಮಾಡಿ.

ನಿಮ್ಮಾಕೆಯ ಮಾತು ಖರ್ಚಿನದ್ದಲ್ಲ ಅನ್ನಿಸುತ್ತದೆ ನನಗೆ. ಇಷ್ಟು ವರ್ಷ ನೀವು ಬೆಳಗ್ಗೆ ಆಫೀಸಿಗೆ ಹೋದಿರಿ, ಈಗ ಹಕ್ಕಿಗೆ ಹೊರಟಿದ್ದೀರಿ. ಅವರ ಪಾಲಿಗೆ ನೀವು ಮನೆಯಲ್ಲಿ ಸಿಗುವುದು ಯಾವಾಗ? ಅಡುಗೆಮನೆಯ ಕಿಟಕಿಯಿಂದ ಅವರು ದಿನಾ ನೋಡುವ ಹಕ್ಕಿ ಯಾವುದು ಅಂತ ಇವತ್ತೇ ಕೇಳಿ. ಸೂರಕ್ಕಿ ಎಲ್ಲಿ ಗೂಡು ನೇಯುತ್ತದೆ, ಯಾವ ಕಾಗೆ ಕುಂಟುತ್ತದೆ, ಅವರಿಗೆ ಗೊತ್ತಿರುತ್ತದೆ. ನಿಮ್ಮ ಪಟ್ಟಿಯ ಮೊದಲ ಸಾಲು ಅವರು ಹೇಳಿದ್ದಾಗಿರಲಿ.

ಪ್ರಶ್ನೆ: ಪಿಕ್‌ನಿಕ್ಕಿಗೆ ಒಯ್ದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ. ಉಪಾಯ ಇದೆಯೇ?
— ಕೆಂಗೇರಿ

ಉತ್ತರ: ಅನ್ನ ಬಿಸಿಯಿರುವಾಗಲೇ ಮೆತ್ತಗೆ ಹಿಸುಕಿ ಕಾಯಿಸಿದ ಹಾಲು ಹಾಕಿ ಕಲಸಿ, ಸ್ವಲ್ಪ ತೆಳ್ಳಗೇ ಇರಲಿ. ಉಗುರುಬೆಚ್ಚಗಾದ ಮೇಲೆ ಎರಡೇ ಚಮಚ ಸಿಹಿ ಮೊಸರು. ದಾರಿಯಲ್ಲೇ ಹೆಪ್ಪಾಗಿ, ಊಟದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಒಗ್ಗರಣೆ ಹಾಕಬಹುದು, ಸೌತೆಕಾಯಿ ಮಾತ್ರ ಬೇರೆ ಡಬ್ಬಿಯಲ್ಲಿರಲಿ, ಅದು ನೀರು ಬಿಡುತ್ತದೆ.

ಪ್ರಶ್ನೆ: ಆಂಟಿ, ನಾನು ಸೆಕೆಂಡ್ ಪಿಯುಸಿ. ಫ್ರೆಂಡ್ಸ್ ಎಲ್ಲ ಸಾವನದುರ್ಗ ಟ್ರೆಕ್ಕಿಂಗ್ ಹೋಗಿ, ಬರುವಾಗ ಮಂಚನಬೆಲೆಯಲ್ಲಿ ನೀರಾಟ ಆಡಿಕೊಂಡು ಬರೋಣ ಅಂತಿದ್ದಾರೆ. ಅಮ್ಮ ಖಂಡಿತ ಬೇಡ ಅಂತಿದ್ದಾರೆ. ನೀವಾದರೂ ಅಮ್ಮನಿಗೆ ಹೇಳಿ.
— ರಾಜಾಜಿನಗರ

ಉತ್ತರ: ಪುಟ್ಟಿ, ಅರ್ಧ ಮಾತು ನಿನ್ನ ಪರವಾಗಿ ಹೇಳುತ್ತೇನೆ, ಅರ್ಧ ಅಮ್ಮನ ಪರವಾಗಿ. ಮಂಚನಬೆಲೆಯ ನೀರಿಗೆ ಇಳಿಯುವುದು ಬೇಡವೇ ಬೇಡ. ಮೇಲಿಂದ ಶಾಂತವಾಗಿ ಕಾಣುವ ನೀರು, ಆಳ ಗೊತ್ತಾಗುವುದಿಲ್ಲ, ಈಜು ಬಲ್ಲ ಮಕ್ಕಳೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಇದರಲ್ಲಿ ನಾನು ಅಮ್ಮನ ಜೊತೆ ಗಟ್ಟಿಯಾಗಿ ನಿಲ್ಲುತ್ತೇನೆ.

ಸಾವನದುರ್ಗ ಬೇರೆ ಮಾತು. 1,226 ಮೀಟರ್ ಎತ್ತರದ ಬರಿಯ ಬಂಡೆ, ಹತ್ತಿದವರಿಗೆ ತಮ್ಮ ಕಾಲಿನ ಮೇಲೆ ನಂಬಿಕೆ ಹುಟ್ಟಿಸುವ ಬೆಟ್ಟ. ಆ ನಂಬಿಕೆ ನಿನ್ನ ವಯಸ್ಸಿನ ಹುಡುಗಿಯರಿಗೆ ಬೇಕು. ಮಳೆಗಾಲದಲ್ಲಿ ಮಾತ್ರ ಹೋಗಬೇಡ, ಪಾಚಿಗಟ್ಟಿದ ಬಂಡೆ ಜಾರುತ್ತದೆ. ಚಳಿಗಾಲದಲ್ಲಿ, ಹತ್ತಿ ಇಳಿದು ಗೊತ್ತಿರುವ ದೊಡ್ಡವರೊಬ್ಬರ ಜೊತೆಗೆ, ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಂಡು ಹೋಗಿ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಹಿಡಿತವಿರುವ ಬೂಟು ಇರಲಿ. ಬಿಸಿಲೇರುವ ಮುಂಚೆ ಕೆಳಗಿಳಿದಿರಬೇಕು. ಯಾರ ಜೊತೆ, ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ ವಾಪಸು ಅಂತ ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಡು. ಬಾಯಲ್ಲಿ ನೂರು ಸಲ "ಏನೂ ಆಗಲ್ಲಮ್ಮ" ಅನ್ನುವುದಕ್ಕಿಂತ ಆ ಹಾಳೆ ಮೇಲು. ಅಮ್ಮನನ್ನೂ ಕರೆದು ನೋಡು. ಅವರು ಕಾಲೇಜಿನ ದಿನಗಳಲ್ಲಿ ಯಾವ ಬೆಟ್ಟ ಹತ್ತಬೇಕು ಅಂದುಕೊಂಡಿದ್ದರೋ ಯಾರಿಗೆ ಗೊತ್ತು?

ಪ್ರಶ್ನೆ: ಅಮ್ಮಾ, ನಮ್ಮ ತಾಯಿ ಈ ಯುಗಾದಿಗೆ ಮುಂಚೆ ತೀರಿಕೊಂಡರು. ಪ್ರತಿ ವರ್ಷ ಕಡಲೆಕಾಯಿ ಪರಿಷೆಗೆ ನನ್ನನ್ನೂ ನನ್ನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೆಂಪು ಬಟ್ಟೆಯ ಚೀಲ ಹಿಡಿದು, ಬ್ಯೂಗಲ್ ರಾಕ್ ಗೋಡೆಯ ಪಕ್ಕ ಕೂರುವ ಒಬ್ಬ ಅಜ್ಜಿಯ ಹತ್ತಿರವೇ ಕೊಳ್ಳುತ್ತಿದ್ದರು. ಈ ಸಲ ಹೋಗಬೇಕೋ ಬೇಡವೋ? ವರ್ಷ ತುಂಬುವವರೆಗೆ ಹಬ್ಬ ಇಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ಮಕ್ಕಳು ಕೇಳುತ್ತಿದ್ದಾರೆ.
— ಶ್ರೀನಗರ

ಉತ್ತರ: ಅಪ್ಪಾ, ನಿಮ್ಮ ಚಿಕ್ಕಪ್ಪ ಹೇಳುವುದೂ ಪ್ರೀತಿಯಿಂದಲೇ. ಅತ್ತಿಗೆ ತೀರಿಕೊಂಡ ವರ್ಷ ಮನೆಯಲ್ಲಿ ಸಂಭ್ರಮ ಬೇಡ ಅನ್ನುವುದು ಅವರ ದುಃಖದ ರೀತಿ. ಮನೆಯಲ್ಲಿ ಹಬ್ಬ ಮಾಡಬೇಡಿ, ದೇವಸ್ಥಾನದ ಒಳಗೆ ಹೋಗುವುದನ್ನೂ ಅವರ ಮಾತಿಗೇ ಬಿಡಿ. ಆದರೆ ಕಡಲೆಕಾಯಿ ಕೊಳ್ಳುವುದಕ್ಕೆ ಯಾವ ಮೈಲಿಗೆಯೂ ಇಲ್ಲ ಅಂತ ಅವರ ಹತ್ತಿರ ಕೂತು ಮೆಲ್ಲಗೆ ಹೇಳಿ. ಸಾಧ್ಯವಾದರೆ ಅವರನ್ನೂ ಕರೆಯಿರಿ.

ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ತಮ್ಮ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರು ಅಂತ ಹೇಳಿಕೆ. ಆ ಹೊಲಗಳೆಲ್ಲ ಈಗ ನಾವಿರುವ ಮನೆಗಳಾಗಿವೆ. ಆದರೂ ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ ಎಲ್ಲೆಲ್ಲಿಯ ರೈತರೋ ಬಸವನಗುಡಿಯ ರಸ್ತೆಯಲ್ಲಿ ರಾಶಿ ಹಾಕಿಕೊಂಡು ಕೂರುತ್ತಾರೆ. ಸೋಮವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಚಿಕ್ಕ ಮಕ್ಕಳಿದ್ದರೆ ಭಾನುವಾರ ಬೆಳಗ್ಗೆಯೇ ಹೋಗಿ, ಅಷ್ಟರಲ್ಲಿ ಅಂಗಡಿ ಕೂತಿರುತ್ತದೆ.

ಆ ಕೆಂಪು ಚೀಲ ಇನ್ನೂ ಮನೆಯಲ್ಲಿರಬೇಕಲ್ಲ, ಹುಡುಕಿ ತೆಗೆಯಿರಿ. ಮಕ್ಕಳಲ್ಲಿ ದೊಡ್ಡದರ ಕೈಗೆ ಕೊಡಿ. ಗೋಡೆಯ ಪಕ್ಕದ ಆ ಅಜ್ಜಿ ಸಿಕ್ಕಿದರೆ ಅಮ್ಮ ಹೋದ ವಿಷಯ ಹೇಳಿ, ಅವರೂ ಕಾಯುತ್ತಿರುತ್ತಾರೆ. ಒಂದು ಸೇರು ಹಸಿಯದು, ಒಂದು ಸೇರು ಹುರಿದದ್ದು ತೆಗೆದುಕೊಳ್ಳಿ. ಹಸಿಯದನ್ನು ಮನೆಗೆ ತಂದು ಉಪ್ಪು ಹಾಕಿ ಬೇಯಿಸಿ, ಮೊದಲ ಬಟ್ಟಲು ಚಿಕ್ಕಪ್ಪನಿಗೆ ಕಳಿಸಿ.