ಎದುರಾಳಿಯ ಎಡ ಭುಜ

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮನೆಯವರು, ಇಬ್ಬರು ಮಕ್ಕಳು, ಅತ್ತೆ ಎಲ್ಲರೂ ಇದ್ದಾರೆ. ಆರು ತಿಂಗಳಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಇಂಗ್ಲಿಷ್ ಪ್ರೇಮ ಕಾದಂಬರಿ ಓದುತ್ತೇನೆ. ಈಗ ಓದುತ್ತಿರುವುದು ಐಸ್ ಹಾಕಿ ಆಟಗಾರರ ಕಥೆ. ಬೇರೆ ಬೇರೆ ತಂಡದವರು, ಒಬ್ಬರಿಗೊಬ್ಬರು ಎದುರಾಳಿಗಳು, ಕೊನೆಗೆ ಪ್ರೀತಿಸುತ್ತಾರೆ. ಇಬ್ಬರೂ ಗಂಡಸರು. ಮೊನ್ನೆ ನೆಗೆಣ್ಣಿ ನನ್ನ ಫೋನ್ ತೆಗೆದು ಎಲ್ಲರ ಎದುರು ಜೋರಾಗಿ ಓದಿ ನಕ್ಕಳು. ಮನೆಯವರು ಆಗ ಸುಮ್ಮನಿದ್ದರು. ರಾತ್ರಿ “ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?” ಅಂದರು. ನಾನು ಕಾಲೇಜಿನಲ್ಲಿ ಶಟಲ್ ಆಡುತ್ತಿದ್ದೆ. ಮದುವೆಯಾದ ಮೇಲೆ ಬಿಟ್ಟೆ. ಪುಸ್ತಕದಲ್ಲಿ ಸೋತವನು ಡ್ರೆಸ್ಸಿಂಗ್ ರೂಮಿನಲ್ಲಿ ಶೂ ಬಿಚ್ಚದೆ ಕೂತಿರುವ ಪುಟ ಓದಿ ಅತ್ತುಬಿಟ್ಟೆ. ನನ್ನ ಸಂಸಾರದಲ್ಲಿ ಏನೋ ಸರಿಯಿಲ್ಲವಾ? ಓದುವುದನ್ನು ಬಿಡಬೇಕಾ? (ಹೆಸರು ಬೇಡ, ಧಾರವಾಡ)

ಉತ್ತರ: ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಈ ರಾತ್ರಿಯಾದರೂ ನೀವು ಅಳುಕಿಲ್ಲದೆ ಓದಬಹುದು.

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿದ್ದೇನೆ. ಅದನ್ನು ಮೂರು ಸಲ ಓದಿದೆ. ಕಾದಂಬರಿಯ ಬಗ್ಗೆ ಒಂದು ಪುಟ, ಮನೆಯ ಬಗ್ಗೆ ಒಂದು ಪುಟ. ಉಳಿದ ಎರಡು ಪುಟದ ತುಂಬ ಒಬ್ಬ ಹುಡುಗಿ. ಹುಬ್ಬಳ್ಳಿಯ ಕಾಲೇಜಿನವಳು. ಮೂರು ವರ್ಷ ಪ್ರತಿ ಟೂರ್ನಮೆಂಟಿನಲ್ಲೂ ನಿಮಗೆ ಎದುರಾದವಳು. ಕೊನೆಯ ಪಂದ್ಯದಲ್ಲಿ ಮೂರನೇ ಗೇಮನ್ನು ನೀವು ಅವಳಿಗೆ 19-21ರಲ್ಲಿ ಸೋತಿರಿ. ಡ್ರಾಪ್ (ನೆಟ್ ಪಕ್ಕಕ್ಕೇ ಮೆಲ್ಲಗೆ ಬೀಳಿಸುವ ಹೊಡೆತ) ಹಾಕುವ ಮುಂಚೆ ಅವಳ ಎಡ ಭುಜ ಒಂಚೂರು ಮೇಲೆ ಹೋಗುತ್ತಿತ್ತು ಅಂತ ಬರೆದಿದ್ದೀರಿ. ಹದಿನೆಂಟು ವರ್ಷದ ಹಿಂದಿನ ಭುಜ! ನಿಮಗೆ ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಪುಸ್ತಕ ನಿಮ್ಮನ್ನು ಹಿಡಿದುಕೊಂಡಿರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಮನೆಯವರು ನಮ್ಮನ್ನು ಪ್ರೀತಿಯಿಂದ ನೋಡುತ್ತಾರೆ, ನಿಜ. ಆದರೆ ಎದುರಾಳಿ ನೋಡಿದಷ್ಟು ಹತ್ತಿರದಿಂದ ಯಾರೂ ನೋಡುವುದಿಲ್ಲ. ನಿಮ್ಮ ಬ್ಯಾಕ್‌ಹ್ಯಾಂಡ್ ಎಲ್ಲಿ ಸೋಲುತ್ತದೆ, ಯಾವಾಗ ಉಸಿರು ಹಿಡಿಯುತ್ತೀರಿ, ಹೆದರಿದಾಗ ಯಾವ ಕಡೆಗೆ ಹೊಡೆಯುತ್ತೀರಿ, ಇದೆಲ್ಲ ಅವಳಿಗೆ ಗೊತ್ತಿತ್ತು. ನೀವೂ ಅವಳನ್ನು ಹಾಗೇ ನೋಡುತ್ತಿದ್ದಿರಿ. ಈ ಕಥೆಗಳ ಜೀವ ಇರುವುದು ಅಲ್ಲಿ. ಪ್ರೀತಿ ಅನ್ನುವ ಮಾತು ಬಾಯಿಗೆ ಬರುವ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ವರ್ಷಗಟ್ಟಲೆ ಓದಿ ಮುಗಿಸಿರುತ್ತಾರೆ. ಎದುರಿಗಿರುವವರ ಆಟಕ್ಕೆ ಮೊದಲಿನಿಂದಲೂ ಮರ್ಯಾದೆ ಇರುತ್ತದೆ, ಅದನ್ನು ಒಪ್ಪಿಕೊಳ್ಳುವುದಷ್ಟೇ ಕಷ್ಟ.

ಪುಸ್ತಕದಲ್ಲಿ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2014ರ ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ ಐಸ್ ಹಾಕಿ ಫೈನಲ್‌ನಲ್ಲಿ ಅಮೆರಿಕಾ 2-0 ಮುಂದಿತ್ತು. ಇನ್ನೇನು ಮೂರ‍್ನಾಲ್ಕು ನಿಮಿಷ ಬಾಕಿ ಇರುವಾಗ ಕೆನಡಾ ತಿರುಗಿಬಿತ್ತು, ಹೆಚ್ಚುವರಿ ಸಮಯದಲ್ಲಿ 3-2ರಲ್ಲಿ ಗೆದ್ದೇಬಿಟ್ಟಿತು. ಸೋತ ಅಮೆರಿಕಾ ತಂಡದ ನಾಯಕಿ ಮೇಗನ್ ಡಗ್ಗನ್. ಗೆದ್ದ ಕೆನಡಾ ತಂಡದಲ್ಲಿದ್ದವರು ಜಿಲಿಯನ್ ಆಪ್ಸ್. 2018ರಲ್ಲಿ ಅವರಿಬ್ಬರೂ ಮದುವೆಯಾದರು. ಪ್ರೀತಿ ಬೇಡ, ಬರೀ ಸ್ನೇಹ ಅಂದರೆ ಟೆನಿಸ್‌ನ ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ಇದ್ದಾರೆ. 1973ರಿಂದ 1988ರ ತನಕ ಒಬ್ಬರ ವಿರುದ್ಧ ಒಬ್ಬರು 80 ಪಂದ್ಯ ಆಡಿದರು. ಮಾರ್ಟಿನಾ 43 ಗೆದ್ದರು, ಕ್ರಿಸ್ 37. ಮುಂದೆ ಇಬ್ಬರಿಗೂ ಕ್ಯಾನ್ಸರ್ ಬಂದಾಗ ಒಬ್ಬರಿಗೊಬ್ಬರು ಆಸರೆಯಾದರು.

ಇಬ್ಬರೂ ಗಂಡಸರು ಅನ್ನುವುದನ್ನು ಪತ್ರದಲ್ಲಿ ಎರಡು ಕಡೆ ಬರೆದು, ಒಂದು ಕಡೆ ಹೊಡೆದು ಹಾಕಿದ್ದೀರಿ. ಅದಕ್ಕೆ ನಾಚಿಕೆ ಯಾಕೆ? ಅವರು ಒಬ್ಬರಿಗಾಗಿ ಒಬ್ಬರು ಪಡುವ ಸಂಕಟ ನಿಮಗೆ ಮುಟ್ಟಿತು, ಅತ್ತಿರಿ. ಓದುವವರು ಮಾಡಬೇಕಾದದ್ದೇ ಅದು ಅಲ್ವಾ?

ನನ್ನ ಅಮ್ಮ ವಾರಪತ್ರಿಕೆಯ ಧಾರಾವಾಹಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದುತ್ತಿದ್ದರು. ಯಾರಾದರೂ ಬಂದರೆ ಮೊರ ಮುಚ್ಚುತ್ತಿದ್ದರು. ಹೆಂಗಸರು ಬರೆದ, ಹೆಂಗಸರು ಓದುವ ಕಾದಂಬರಿಗಳನ್ನು ಆಗ ‘ಅಡುಗೆಮನೆ ಸಾಹಿತ್ಯ’ ಅಂತ ಹೀಗಳೆಯುವವರು ಇದ್ದರು. ಅಮ್ಮನಿಗೆ ಆ ಕಥೆಗಳು ಎಷ್ಟು ಧೈರ್ಯ ಕೊಟ್ಟವು ಅನ್ನುವುದು ನನಗೆ ಗೊತ್ತು. ಆ ಮೊರ ಈಗ ನಿಮ್ಮ ಕೈಗೆ ಬಂದಿದೆ ಅಂತ ಓದಿ ನನಗೆ ನಿಜವಾಗಲೂ ಬೇಸರವಾಯಿತು.

ನಿಮ್ಮ ನೆಗೆಣ್ಣಿ ಮಾಡಿದ್ದು ತಪ್ಪು. “ನನ್ನ ಫೋನ್ ಮುಟ್ಟಬೇಡಮ್ಮಾ” ಅಂತ ಮುಖ ನೋಡಿ ಒಂದೇ ಸಲ ಹೇಳಿ.

ಮನೆಯವರ ವಿಷಯ ಬೇರೆ. ಅವರು ಕೇಳಿದ್ದು ಒರಟಾಗಿತ್ತು, ಆದರೆ ಅದು ಪ್ರಶ್ನೆ. ಉತ್ತರ ಕೊಡದೆ ನೀವು ದೀಪ ಆರಿಸಿ ಮಲಗಿದಿರಿ. ಸಂಸಾರದಲ್ಲಿ ಏನೋ ಕೆಟ್ಟಿದೆ ಅಂತ ನನಗೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಒಂದು ಮಾತ್ರ ಕಂಡಿತು. ನೀವು ಕಾಲೇಜಿನಲ್ಲಿ ‘ಸ್ವಲ್ಪ ಆಡುತ್ತಿದ್ದೆ’ ಅಂತ ಅವರಿಗೆ ಗೊತ್ತು. 19-21 ಗೊತ್ತಿಲ್ಲ. ಸೋತ ದಿನ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದು ಗೊತ್ತಿಲ್ಲ. ನನಗೆ ಬರೆದ ಆ ಎರಡು ಪುಟವನ್ನು ಅವರಿಗೆ ಹೇಳಿ. ಆ ಡ್ರೆಸ್ಸಿಂಗ್ ರೂಮಿನ ಪುಟವನ್ನೂ ಕನ್ನಡದಲ್ಲಿ ಹೇಳಿ. ಅನುಮತಿ ಕೇಳುವ ದನಿ ಬೇಡ. ಕಥೆ ಹೇಳುವ ಹಾಗೆ ಹೇಳಿ. ಅವರಿಗೆ ಅರ್ಥವಾಗಲು ಒಂದೆರಡು ದಿನ ಜಾಸ್ತಿ ಬೇಕಾದರೆ ಬೇಸರಪಡಬೇಡಿ. ಕಾದಂಬರಿಯ ಹುಡುಗನ ಜೊತೆ ಅವರನ್ನು ಹೋಲಿಸಲೂಬೇಡಿ. ಅವನ ಒಂದೊಂದು ಮಾತನ್ನೂ ಬರೆದವರು ಹತ್ತು ಸಲ ತಿದ್ದಿರುತ್ತಾರೆ.

ಇನ್ನು ನಿದ್ದೆ. ಒಂದು ಗಂಟೆಗೆ ಮಲಗಿ ಐದೂವರೆಗೆ ಏಳುತ್ತೀರಿ ಅಂದಿರಿ. ಅದು ಮಾತ್ರ ಸರಿಯಲ್ಲ. ಹನ್ನೊಂದೂವರೆಗೆ ಫೋನ್ ಇಟ್ಟುಬಿಡಿ. ಕಥೆ ನಾಳೆಗೂ ಅಲ್ಲೇ ಇರುತ್ತದೆ, ಕೊನೆಗೆ ಅವರಿಬ್ಬರೂ ಒಂದಾಗುತ್ತಾರೆ ಅಂತ ನಿಮಗೂ ಗೊತ್ತು.

ರ‍್ಯಾಕೆಟ್ ಅಟ್ಟದ ಮೇಲಿದೆ ಅಂತ ಬರೆದಿದ್ದೀರಿ. ಇಳಿಸಿ. ಹಳೇ ಗಟ್ಟು, ಅಂದರೆ ಬಲೆಯ ದಾರ, ಸಡಿಲಾಗಿರುತ್ತದೆ, ಹೊಸದು ಹಾಕಿಸಿ. ಶೂ ಒಳ್ಳೆಯದೇ ಕೊಳ್ಳಿ. ಮಂಡಿಯ ಮೇಲೆ ಭಾರ ಬೀಳುವ ಆಟ ಅದು, ಮೊದಲ ತಿಂಗಳು ಸುಮ್ನೆ ರ‍್ಯಾಲಿ ಆಡಿ, ಜಿಗಿಯಬೇಡಿ. ಶಟಲ್‌ನಲ್ಲಿ 35 ದಾಟಿದವರಿಗೇ ಬೇರೆ ವಿಭಾಗದ ಪಂದ್ಯಗಳಿವೆ, ವಿಶ್ವ ಮಟ್ಟದ ತನಕ. ನೀವು ಅಲ್ಲಿಗೆ ಹೋಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ 38 ಅನ್ನುವುದನ್ನು ಪತ್ರದಲ್ಲಿ ವಯಸ್ಸು ಮುಗಿದವರ ಹಾಗೆ ಬರೆದಿದ್ದೀರಿ. ಆ ಆಟದ ಲೆಕ್ಕದಲ್ಲಿ ನೀವು ಹಿರಿಯರ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರ ಸಾಲಿನವರು.

ಆ ಹುಡುಗಿಯ ಹೆಸರನ್ನೂ ಬರೆದಿದ್ದೀರಿ. ನಾನು ಇಲ್ಲಿ ಹಾಕಿಲ್ಲ. ಹುಬ್ಬಳ್ಳಿ ಎಷ್ಟು ದೂರ, ಇಪ್ಪತ್ತು ಕಿಲೋಮೀಟರ್ ತಾನೇ? ಹಳೇ ಟೀಮಿನವರನ್ನು ವಿಚಾರಿಸಿ ನೋಡಿ. ಸಿಕ್ಕರೆ ಒಂದು ಗೇಮ್ ಆಡೋಣ ಬಾ ಅನ್ನಿ. ಎಡ ಭುಜದ ಮೇಲೆ ಕಣ್ಣಿರಲಿ.