ಕಾಸರಗೋಡಿನ ನೋಟರಿ: ಕೇಳಿದವರಿಗೊಂದು ಉತ್ತರ

ಸೀಲ್ ಯಾರು ಹಾಕಿದರೂ ಒಂದೇ ಅಲ್ವಾ, ನೀವು ಕಾಸರಗೋಡಿನವರು ಕನ್ನಡ ಬಲ್ಲ ನೋಟರಿಯನ್ನೇ ಯಾಕೆ ಹುಡುಕುತ್ತೀರಿ ಎಂದು ಕೇಳಿದ್ದೀರಿ. ವಕೀಲಿಕೆ ಮಾಡುತ್ತಿರುವ ನಿಮ್ಮ ತಮ್ಮ ನೋಟರಿ ಆಗಬೇಕಾದರೆ ಏನು ಬೇಕು ಅಂತಲೂ ಕೇಳಿದ್ದೀರಿ. ಎರಡಕ್ಕೂ ಒಟ್ಟಿಗೇ ಹೇಳುತ್ತೇನೆ. ನಾನು ವಕೀಲನಲ್ಲ. ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುವವನು. ಕಾಗದಗಳು ನನ್ನ ಕೈ ದಾಟಿಯೇ ಸೀಲಿಗೆ ಹೋಗುತ್ತವೆ.

ಮೊದಲು ನಮ್ಮ ಊರಿನ ಅವಸ್ಥೆ ಕೇಳಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿತು. ಹಾಗಾಗಿ ಇಲ್ಲಿನ ಹಳೇ ಮನೆಗಳ ಪೆಟ್ಟಿಗೆ ತೆರೆದರೆ ಅಜ್ಜನ ಪಾಲುಪಟ್ಟಿ ಕನ್ನಡದಲ್ಲಿ ಉಂಟು, ವಿಲ್ಲೇಜ್ ಆಫೀಸಿನ ಕಾಗದ ಮಲಯಾಳದಲ್ಲಿ ಉಂಟು, ಮಕ್ಕಳ ಮಾರ್ಕ್ಸ್ ಕಾರ್ಡು ಇಂಗ್ಲಿಷಿನಲ್ಲಿ. ಮನೆಯಲ್ಲಿ ಮಾತು ತುಳು, ಇಲ್ಲವೇ ಹವ್ಯಕ ಕನ್ನಡ, ಇಲ್ಲವೇ ಬ್ಯಾರಿ. ಆಸ್ಪತ್ರೆಗೂ ಕಾಲೇಜಿಗೂ ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಅಲ್ಲಿಯವರಿಗೆ ಮಲಯಾಳದ ಕಾಗದ ಓದಲು ಬರುವುದಿಲ್ಲ. ಇಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಗೆ ಅಜ್ಜನ ಪಾಲುಪಟ್ಟಿ ಓದಲು ಬರುವುದಿಲ್ಲ. ನಡುವೆ ಸಿಕ್ಕಿಹಾಕಿಕೊಂಡವರು ನಾವು.

ಇಲ್ಲಿ ನೋಟರಿ ಬೇಕಾಗುತ್ತಾರೆ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಅವರ ಕೆಲಸಗಳ ಪಟ್ಟಿ ಉಂಟು. ಸಹಿಯನ್ನು ದೃಢೀಕರಿಸುವುದು, ಪ್ರಮಾಣ ಮಾಡಿಸಿ ಅಫಿಡವಿಟ್ ತೆಗೆದುಕೊಳ್ಳುವುದು, ಹುಂಡಿ, ಪ್ರಾಮಿಸರಿ ನೋಟಿನಂಥ ಹಣ ಪಾವತಿಯ ಪತ್ರಗಳ ವ್ಯವಹಾರ, ಹೀಗೆ. ಅದೇ ಪಟ್ಟಿಯಲ್ಲಿ ಒಂದು ಭಾಷೆಯ ದಾಖಲೆಯನ್ನು ಇನ್ನೊಂದಕ್ಕೆ ಅನುವಾದಿಸುವುದು, ಅನುವಾದ ಸರಿ ಉಂಟಾ ಎಂದು ತಾಳೆ ನೋಡುವುದೂ ಸೇರಿದೆ. ಬೆಂಗಳೂರಿನ ನೋಟರಿಗೆ ಇದು ಅಪರೂಪದ ಕೆಲಸ ಇರಬಹುದು. ನಮ್ಮಲ್ಲಿ ಇದಕ್ಕೇ ಜನ ಜಾಸ್ತಿ.

ಒಂದು ಉದಾಹರಣೆ ಹೇಳುತ್ತೇನೆ. ಅಡಿಕೆ ತೋಟದ ವಿಷಯಕ್ಕೆ ಒಬ್ಬರು ಅಜ್ಜಿ ಬಂದಿದ್ದರು. ಅಫಿಡವಿಟ್ ಮಲಯಾಳದಲ್ಲಿ ತಯಾರಾಗಿತ್ತು. ಅಜ್ಜಿಗೆ ಕನ್ನಡದಲ್ಲಿ ಸಹಿ ಹಾಕಲು ಬರುತ್ತದೆ, ಮಲಯಾಳದ ಒಂದಕ್ಷರವೂ ಗೊತ್ತಿಲ್ಲ. ಕರೆದುಕೊಂಡು ಬಂದ ಹುಡುಗನಿಗೆ ಬಸ್ಸಿನ ಅವಸರ. ನೋಟರಿ ಅವನನ್ನು ಕೂರಿಸಿ, ಸಾಲು ಸಾಲಾಗಿ ಓದಿ ತುಳುವಿನಲ್ಲಿ ಹೇಳಿದರು. ಮೂರನೇ ಪ್ಯಾರಾಕ್ಕೆ ಬರುವಾಗ ಅಜ್ಜಿ ತಡೆದರು. ಆ ಸರ್ವೆ ನಂಬರಿನ ಜಾಗ ತಮ್ಮದಲ್ಲ, ಮೈದುನನದ್ದು ಎಂದರು. ಕಾಗದ ವಾಪಸ್ ನನ್ನ ಮೇಜಿಗೆ ಬಂತು. ತಿದ್ದಿ, ಕೊನೆಗೆ ‘ತುಳುವಿನಲ್ಲಿ ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು ಸಹಿ ಹಾಕಿದ್ದಾರೆ’ ಎಂಬ ಸಾಲು ಸೇರಿಸಿದೆವು. ಭಾಷೆ ಬಾರದ ನೋಟರಿಯಾಗಿದ್ದರೆ ಸುಮ್ನೆ ಸೀಲ್ ಬೀಳುತ್ತಿತ್ತು. ಮೈದುನನ ಜೊತೆ ಕೋರ್ಟು ಅಲೆಯುವ ಕೆಲಸ ಅಜ್ಜಿಗೆ ಬರುತ್ತಿತ್ತು.

ಹೆಸರಿನ ಗೋಳು ಬೇರೆ. ಶಾಲೆಯ ದಾಖಲೆಯಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸುವವರು ದಿನವೂ ಬರುತ್ತಾರೆ.

ಈಗ ನಿಮ್ಮ ತಮ್ಮನ ವಿಷಯ. ಸಾಮಾನ್ಯವಾಗಿ ವಕೀಲರಾಗಿ ಕನಿಷ್ಠ 10 ವರ್ಷ ಆಗಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ನೇಮಿಸುವುದು ಕೇಂದ್ರ ಸರ್ಕಾರ ಅಥವಾ ರಾಜ್ಯ ಸರ್ಕಾರ. ಎಲ್ಲಿ ಕೆಲಸ ಮಾಡಬಹುದು ಎಂಬ ಪ್ರದೇಶವೂ ಸರ್ಟಿಫಿಕೇಟಿನಲ್ಲಿ ಇರುತ್ತದೆ. ಮಂಗಳೂರಿಗೆಂದು ನೇಮಕವಾದವರು ತಲಪಾಡಿ ದಾಟಿ ಬಂದು ಕೇರಳದ ಮಂಜೇಶ್ವರದಲ್ಲಿ ಸೀಲ್ ಒತ್ತುವ ಹಾಗಿಲ್ಲ. ಆದರೆ ಅವರು ಮಂಗಳೂರಿನಲ್ಲಿ ಕುಳಿತು ದೃಢೀಕರಿಸಿದ ಕಾಗದ ಇಲ್ಲಿಯೂ ನಡೆಯುತ್ತದೆ. ಇದನ್ನು ತಿಳಿಯದೆ ಒಂದೇ ಕಾಗದಕ್ಕೆ ಗಡಿಯ ಎರಡೂ ಕಡೆ ಸೀಲ್ ಹಾಕಿಸುವವರಿದ್ದಾರೆ. ದುಡ್ಡು ದಂಡ. ಗಡಿಯಲ್ಲಿ ನಿಜವಾಗಿ ತಲೆನೋವು ಸ್ಟಾಂಪ್ ಪೇಪರಿನದ್ದು. ಸ್ಟಾಂಪ್ ಡ್ಯೂಟಿ ಆಯಾ ರಾಜ್ಯದ್ದು. ಕರ್ನಾಟಕದ ಜಾಗದ ಪತ್ರವನ್ನು ಕೇರಳದ ಪೇಪರಿನಲ್ಲಿ ಮಾಡಿಸಿದರೆ ಅಲ್ಲಿ ಬಾಕಿ ಡ್ಯೂಟಿ ಕಟ್ಟಬೇಕಾಗಿ ಬರಬಹುದು. ಮೊದಲೇ ವಿಚಾರಿಸಿ.

ಸರ್ಟಿಫಿಕೇಟು 5 ವರ್ಷಕ್ಕೆ. ಆಮೇಲೆ ನವೀಕರಣ ಮಾಡಿಸಬೇಕು, ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಮುಂಚೆಯೇ ಹಾಕಬೇಕು. ನೋಟರಿ ಅಲ್ಲದವನು ನೋಟರಿ ಎಂದು ಹೇಳಿಕೊಂಡರೆ ಜೈಲು ಶಿಕ್ಷೆಯೂ ಉಂಟು.

ಜವಾಬ್ದಾರಿಯಲ್ಲಿ ಮುಖ್ಯವಾದದ್ದು ರಿಜಿಸ್ಟರ್. ಮಾಡಿದ ಪ್ರತಿ ಕೆಲಸವೂ ಅದರಲ್ಲಿ ಕ್ರಮಸಂಖ್ಯೆಯ ಪ್ರಕಾರ ಏರಬೇಕು. ಜಿಲ್ಲಾ ನ್ಯಾಯಾಧೀಶರು ಅದನ್ನು ತರಿಸಿ ನೋಡಬಹುದು. ಪ್ರತಿ ಜನವರಿಯಲ್ಲಿ ಹಿಂದಿನ ವರ್ಷದ ಲೆಕ್ಕ ಸರ್ಕಾರಕ್ಕೆ ಹೋಗಬೇಕು. ಫೀಸಿನ ಪಟ್ಟಿಯನ್ನು ಆಫೀಸಿನಲ್ಲಿ ಕಾಣುವಂತೆ ಹಾಕಬೇಕು, ದುಡ್ಡು ತೆಗೆದುಕೊಂಡರೆ ರಸೀದಿ ಕೊಡಬೇಕು. ನೀವು ರಸೀದಿ ಕೇಳಿ, ನಾಚಿಕೆ ಬೇಡ. ಹಿಂದಿನ ತಾರೀಕು ಹಾಕಿಕೊಡಿ ಎಂದು ಬರುವವರಿಗೆ ನಮ್ಮ ನೋಟರಿ ರಿಜಿಸ್ಟರ್ ತಿರುಗಿಸಿ ತೋರಿಸುತ್ತಾರೆ. ಎರಡು ನಂಬರಿನ ಮಧ್ಯೆ ಜಾಗ ಎಲ್ಲುಂಟು ಮಾರಾಯ್ರೇ ಎಂದು ಕೇಳುತ್ತಾರೆ.

ಮತ್ತೆ, ಸೀಲ್ ಬಿತ್ತು ಅಂದರೆ ಒಳಗೆ ಬರೆದದ್ದೆಲ್ಲ ನಿಜ ಎಂದು ನೋಟರಿ ಒಪ್ಪಿದ ಹಾಗೆ ಆಗುವುದಿಲ್ಲ. ಈ ವ್ಯಕ್ತಿ ನನ್ನೆದುರು ಪ್ರಮಾಣ ಮಾಡಿ ಸಹಿ ಹಾಕಿದ್ದಾನೆ ಎಂಬುದಕ್ಕಷ್ಟೇ ಅವರು ಸಾಕ್ಷಿ. ಸುಳ್ಳು ಬರೆದರೆ ಬರೆಸಿದವನ ತಲೆಗೆ. ಮದುವೆಯನ್ನೂ ವಿಚ್ಛೇದನವನ್ನೂ ನೋಟರಿ ಮಾಡಿಕೊಡುವಂತಿಲ್ಲ. 2024ರಲ್ಲಿ ಕೇಂದ್ರ ಕಾನೂನು ಇಲಾಖೆ ಇದನ್ನು ಮತ್ತೆ ಸ್ಪಷ್ಟವಾಗಿ ಹೇಳಿದೆ. ಆದರೂ ಓಡಿಬಂದ ಜೋಡಿಗಳು ಬಾಗಿಲಿಗೆ ಬರುವುದು ನಿಂತಿಲ್ಲ. ಜಾಗ ಮಾರುವುದೂ ಅಷ್ಟೇ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು.

ನಿಮ್ಮ ಕಾಗದದ ಕೆಲಸಕ್ಕೆ ಬರುವುದಾದರೆ ಸಹಿ ಹಾಕಬೇಕಾದವರೇ ಬರಬೇಕು. ಅಸಲು ಕಾಗದ, ಗುರುತಿನ ಚೀಟಿ ಜೊತೆಗಿರಲಿ. ಮಲಯಾಳದ ಪತ್ರ ಇದ್ದರೆ ಒಂದು ದಿನ ಮೊದಲೇ ಜೆರಾಕ್ಸ್ ಕೊಡಿ, ಅನುವಾದಕ್ಕೆ ಹೊತ್ತು ಬೇಕು. ವಾಟ್ಸಾಪಿನಲ್ಲಿ ಸಹಿಯ ಫೋಟೋ ಕಳಿಸಿದರೆ ಇಲ್ಲಿ ಯಾರೂ ಸೀಲ್ ಎತ್ತುವುದಿಲ್ಲ.