ಕಂಡಕ್ಟರ್‌ಗೆ ಯಾವುದು ಮುಖ್ಯ?

ಪ್ರಶ್ನೆ: ಮೇಡಂ, ನನ್ನ ಕಥೆಯ ನಾಯಕ ನಿವೃತ್ತಿ ಹತ್ತಿರವಿರುವ ಬಸ್ ಕಂಡಕ್ಟರ್. ಅವನಿಗೆ ಮನೆ, ಮಕ್ಕಳು, ಮರ್ಯಾದೆ ಎಲ್ಲವೂ ಬೇಕು. ಆದರೂ ಪಾತ್ರ ಮನಸ್ಸಿಗೆ ನಾಟುವುದಿಲ್ಲ ಅನ್ನುತ್ತಾರೆ. ಅವನಿಗೆ ಎಲ್ಲಕ್ಕಿಂತ ಮುಖ್ಯ ಯಾವುದೆಂದು ಕಂಡುಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಎಲ್ಲವೂ ಬೇಕು ಅನ್ನುವವರೇ ಜಾಸ್ತಿ. ಒಂದನ್ನು ಬಿಡಬೇಕಾಗಿ ಬಂದಾಗ ಮನುಷ್ಯ ಕಾಣಿಸುತ್ತಾನೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಮತ್ತೆ ಓದಿ. ಬೇಸಾಯಕ್ಕೆ ತುಂಡು ಭೂಮಿ ಸಿಗಲೆಂದು ಚೋಮ ಹಂಬಲಿಸುತ್ತಾನೆ. ಮತ ಬದಲಿಸಿದರೆ ಸಿಗುತ್ತದೆ. ಹೊರಡುತ್ತಾನೆ ಕೂಡ. ಆದರೆ ನಂಬಿದ ಭೂತವನ್ನು ಬಿಡಲಾಗದೆ ಹಿಂತಿರುಗುತ್ತಾನೆ. ಅಲ್ಲಿಯವರೆಗೆ ಭೂಮಿಯೇ ಅವನಿಗೆ ಸರ್ವಸ್ವ ಅಂದುಕೊಂಡಿದ್ದೆವು, ಅಲ್ವಾ? ಆ ಪುಟಗಳನ್ನು ಓದುವಾಗ ಈಗಲೂ ನನ್ನ ಕೈ ನಡುಗುತ್ತದೆ.

ನಿಮ್ಮ ಕಂಡಕ್ಟರನ್ನೂ ಹಾಗೇ ಇಕ್ಕಟ್ಟಿಗೆ ತನ್ನಿ. ಕಾಸಿಲ್ಲದ ಹುಡುಗನೊಬ್ಬನನ್ನು ಅವನು ಟಿಕೆಟ್ ಕೊಡದೆ ಕೂರಿಸಿಕೊಂಡಿದ್ದಾನೆ. ಮುಂದಿನ ಸ್ಟಾಪಿನಲ್ಲಿ ತಪಾಸಣೆಯವರು ಹತ್ತುತ್ತಾರೆ. ‘ಇವನು ಕಣ್ತಪ್ಪಿಸಿ ಹತ್ತಿದ’ ಅಂದರೆ ನೌಕರಿಗೆ ಕಪ್ಪುಚುಕ್ಕೆ ತಪ್ಪಬಹುದು. ಹುಡುಗ ಅವನನ್ನೇ ನೋಡುತ್ತಿದ್ದಾನೆ. ಏನು ಹೇಳುತ್ತಾನೆ? ‘ಅವನಿಗೆ ನೋವಾಯಿತು’ ಅಂತ ಬರೆಯಬೇಡಿ. ಮಾತು, ಕೈ, ಹೆಗಲಿನ ಚರ್ಮದ ಚೀಲ, ಇಷ್ಟು ಸಾಕು. ನೀವೇ ಮೊದಲು ತೀರ್ಮಾನಿಸಿಬಿಡಬೇಡಿ. ಎರಡೂ ಉತ್ತರಗಳನ್ನು ಬರೆದು ನೋಡಿ. ಯಾವುದು ಅವನ ಬಾಯಲ್ಲಿ ಸಲೀಸಾಗಿ ಬರುತ್ತದೋ ಅದನ್ನು ಇಟ್ಟುಕೊಂಡು, ಮೊದಲ ಪುಟದಿಂದ ಮತ್ತೆ ತಿದ್ದಿ.